ಘಣಸೋಲಿಯ ಚಂದ್ರಬಾಯಿಗೆ ತಿಳಿಸದೆ ಇಟ್ಟುಕೊಂಡ ಫಲಿತಾಂಶ

1996ನೆಯ ಇಸವಿಯ ಫೆಬ್ರವರಿ 11, ಭಾನುವಾರ. ಬೆಳಿಗ್ಗೆ ಆರೂವರೆಯಿಂದ ಹತ್ತೂಕಾಲರವರೆಗೆ, ನವಿ ಮುಂಬಯಿಯ ಘಣಸೋಲಿಯಲ್ಲಿ ಹಳೆಯ ಊರಿಗೂ ಹೊಸ ಸೆಕ್ಟರುಗಳಿಗೂ ನಡುವೆ ಇರುವ ಜೋಪಡಿಗಳ ಸಾಲಿನಲ್ಲಿ, ಒಂದೇ ಮನೆತನಕ್ಕೆ ಸೇರಿದ ಮೂವತ್ತೊಂದು ಮಂದಿಯ ರಕ್ತವನ್ನು ತೆಗೆಯಲಾಯಿತು. ಮೂರು ತಿಂಗಳೊಳಗೆ ಪ್ರತಿಯೊಬ್ಬರಿಗೂ ಫಲಿತಾಂಶ ತಿಳಿಸುವುದಾಗಿ ಲಿಖಿತವಾಗಿ ಮಾತು ಕೊಡಲಾಯಿತು. ಇಂದು 1999ರ ಏಪ್ರಿಲ್ 5. ಈವರೆಗೆ ಒಬ್ಬರಿಗೂ ತಿಳಿಸಿಲ್ಲ.

ರಕ್ತ ತೆಗೆದವರು ಠಾಣೆಯ ಒಂದು ಸಂಶೋಧನಾ ಸಂಸ್ಥೆಯವರು. ಅದರ ಹೆಸರನ್ನು, ಅವರಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸುವ ಈ ಬರಹದ ಪ್ರತಿಯಲ್ಲಿ ಬರೆದಿದ್ದೇನೆ, ಇಲ್ಲಿ ಬರೆದಿಲ್ಲ. ಓದುಗರು ತಿಳಿಯಬೇಕಾದದ್ದು ಸಂಸ್ಥೆಯ ವಿಷಯಕ್ಕಿಂತ ಹೆಚ್ಚಾಗಿ ಚಂದ್ರಬಾಯಿ ಎಂಬ ಹೆಂಗಸಿನ ವಿಷಯ.

ಅವಳು ನನಗೆ ಹೇಗೆ ಪರಿಚಿತಳು ಎಂಬುದನ್ನು ಮೊದಲು ಹೇಳಬೇಕು. ನಾನು ಅಂಚೆ ಇಲಾಖೆಯಲ್ಲಿ ಮೂವತ್ತೇಳು ವರ್ಷ ದುಡಿದು 1992ರಲ್ಲಿ ನಿವೃತ್ತನಾದವನು, ಡೊಂಬಿವಲಿಯ ನಿವಾಸಿ. ಸೇವೆಯ ಕೊನೆಯ ಆರು ವರ್ಷ ಠಾಣೆ–ಬೇಲಾಪುರ ರಸ್ತೆಯ ಒಂದು ಉಪ ಅಂಚೆ ಕಚೇರಿಯಲ್ಲಿದ್ದೆ. ಕಲಬುರಗಿ, ರಾಯಚೂರು ಕಡೆಯ ಕೂಲಿಕಾರರು ಅಲ್ಲಿಗೆ ಕಾಗದ ಬರೆಸಿಕೊಳ್ಳಲು ಬರುತ್ತಿದ್ದರು. ನಿವೃತ್ತಿಯ ಮೇಲೂ ಆ ಕೆಲಸವನ್ನು ಬಿಡಲಾಗಲಿಲ್ಲ. ಪ್ರತಿ ಭಾನುವಾರ ಠಾಣೆಯವರೆಗೆ ಲೋಕಲ್ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಘಣಸೋಲಿಗೆ ಹೋಗಿ, ಅವರು ಹೇಳಿದ್ದನ್ನು ಬರೆದುಕೊಡುತ್ತೇನೆ.

ಚಂದ್ರಬಾಯಿ ಹುಟ್ಟಿದ್ದು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಬಹುಶಃ 1969ರಲ್ಲಿ. ರೇಷನ್ ಕಾರ್ಡು ಒಂದು ವರ್ಷ ಹೇಳುತ್ತದೆ, ಮತದಾರರ ಗುರುತಿನ ಚೀಟಿ ಇನ್ನೊಂದನ್ನು ಹೇಳುತ್ತದೆ, ತಾಯಿ ಸಾಬವ್ವನ ಲೆಕ್ಕ ಎರಡಕ್ಕೂ ಹೊಂದುವುದಿಲ್ಲ. ನಾನು ತಾಯಿಯ ಲೆಕ್ಕವನ್ನು ಒಪ್ಪಿದ್ದೇನೆ. ಒಂಬತ್ತನೆಯ ವಯಸ್ಸಿನಲ್ಲಿ ಅವಳು ತಾಯಿಯ ಹಿಂದೆ ವಾಶಿಗೆ ಬಂದಳು. ನವಿ ಮುಂಬಯಿಯ ಮೊದಲ ಕಟ್ಟಡಗಳು ಏಳುತ್ತಿದ್ದ ಕಾಲ. ಮೊದಲು ಹಸಿ ಗೋಡೆಗೆ ನೀರು ಹೊಡೆಯುವ ಕೆಲಸ, ಹನ್ನೆರಡು ತುಂಬಿದ ಮೇಲೆ ಬುಟ್ಟಿ ಹೊರುವ ಕೆಲಸ. ಹದಿನೈದಕ್ಕೆ ಮದುವೆ. ವರ ತಾಯಿಯ ಖಾಸಾ ತಮ್ಮ ಮಾಪಣ್ಣ. ತುರ್ಭೆಯ ಸಗಟು ಮಾರುಕಟ್ಟೆಯಲ್ಲಿ ಮೂಟೆ ಹೊರುವವನು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಅವರಲ್ಲಿ ವಾಡಿಕೆ, ಆ ಮನೆತನದಲ್ಲೇ ಅಂಥ ಮದುವೆಗಳು ಮೂರಾಗಿವೆ. ಚಿಕ್ಕಂದಿನಿಂದ ಕರೆದಂತೆ ಇಂದಿಗೂ ಅವಳು ಗಂಡನನ್ನು ‘ಮಾಮಾ’ ಎಂದೇ ಕರೆಯುತ್ತಾಳೆ. ಇಬ್ಬರು ಹೆಣ್ಣುಮಕ್ಕಳು: 1985ರಲ್ಲಿ ಹುಟ್ಟಿದ ಅನಸೂಯಾ, 1987ರಲ್ಲಿ ಹುಟ್ಟಿದ ಸುಲೋಚನಾ. ಆಮೇಲೆ ಎರಡು ಗರ್ಭಗಳು ನಿಲ್ಲಲಿಲ್ಲ.

ರಕ್ತ ತೆಗೆದ ದಿನ ತಂಡದವರು ತಂದ ತಕ್ಕಡಿಯಲ್ಲಿ ಅವಳ ತೂಕ ನಲವತ್ತೊಂದು ಕಿಲೋ. ಇಂಥ ಹೆಂಗಸಿಗೆ ಸಕ್ಕರೆ ಕಾಯಿಲೆ ಇರಬಹುದೆಂದು ಆ ಸಾಲಿನಲ್ಲಿ ಯಾರೂ ಊಹಿಸಿರಲಿಲ್ಲ, ನಾನೂ ಊಹಿಸಿರಲಿಲ್ಲ. ಅದು ಕುಳಿತು ಉಣ್ಣುವ ಸೇಟುಗಳ ಕಾಯಿಲೆ ಎಂದು ಎಲ್ಲರ ನಂಬಿಕೆ. 1995ರ ಮಳೆಗಾಲದಲ್ಲಿ ಸಾಬವ್ವನ ಅಂಗಾಲಿಗೆ ಮೊಳೆ ಚುಚ್ಚಿ, ಗಾಯ ಮಾಯದೆ, ಠಾಣೆಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದಾಗಲೇ ಅವಳಿಗೆ ಸಕ್ಕರೆ ಇದೆಯೆಂದು ಗೊತ್ತಾದದ್ದು. ಬದಲಾಪುರದಲ್ಲಿರುವ ಸಾಬವ್ವನ ಅಣ್ಣನಿಗೆ ಅದೇ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಇಷ್ಟು ತೆಳ್ಳಗಿನ, ಇಷ್ಟು ದುಡಿಯುವ ಒಂದೇ ಮನೆತನದಲ್ಲಿ ಇಬ್ಬರಿಗೆ ಈ ಕಾಯಿಲೆ ಇರುವುದನ್ನು ಕಂಡೇ ಸಂಶೋಧನಾ ಸಂಸ್ಥೆಯ ಮುಖ್ಯ ವೈದ್ಯರು ಘಣಸೋಲಿಗೆ ಬಂದರು. ಬದಲಾಪುರ, ಕಲ್ಯಾಣಗಳಲ್ಲಿದ್ದ ನೆಂಟರನ್ನೂ ಆ ದಿನ ಅಲ್ಲಿಗೇ ಕರೆಸಿದರು.

ವೈದ್ಯರು ಹಿಂದಿಯಲ್ಲಿ ಹೇಳಿದರು, ನಾನು ಕನ್ನಡದಲ್ಲಿ ತಿಳಿಸಿದೆ. ಇನ್ಸುಲಿನ್ ಎಂಬುದು ಹೊಟ್ಟೆಯೊಳಗಿನ ಒಂದು ಗ್ರಂಥಿಯಿಂದ ಬರುವ ರಸ. ರಕ್ತದಲ್ಲಿರುವ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಎಂದು ಅದು ಸ್ನಾಯುಗಳಿಗೆ ಹೇಳುತ್ತದೆ. ಕೆಲವು ಮನೆತನಗಳಲ್ಲಿ ಸ್ನಾಯುಗಳು ಆ ಮಾತನ್ನು ಸುಲಭವಾಗಿ ಕೇಳುವುದಿಲ್ಲ. ಹಾಗಿರುವ ಗುಣ ತಂದೆತಾಯಿಯಿಂದ ಮಕ್ಕಳಿಗೆ ಬರಬಹುದು. ಆಗ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ವರ್ಷಗಟ್ಟಲೆ ಸಕ್ಕರೆ ಸರಿಯಾಗಿಯೇ ಕಾಣುತ್ತದೆ. ಗ್ರಂಥಿ ಸೋತ ಮೇಲೆ ಏರುತ್ತದೆ.

“ತಿಳೀತು ತಗೋರಿ,” ಎಂದು ಮಾಪಣ್ಣ ತನ್ನ ಹಮಾಲರ ಮೇಸ್ತ್ರಿಯ ಮಾತೆತ್ತಿದ. “ನಮ್ಮ ಮುಕಾದಮ ಒದರ್ತಾನ, ಗ್ಯಾಂಗ್ ಏಳಂಗಿಲ್ಲ. ಮತ್ತಷ್ಟು ಒದರ್ತಾನ, ಆಗ ಏಳ್ತದ. ದಿನಾ ಹಿಂಗ ಒದರಿ ಒದರಿ ಒಂದಿನ ಅವನ ಗಂಟಲಾನೇ ಬಿದ್ದು ಹೋಗ್ತದ. ಹೌದಿಲ್ಲೋ?”

ಇದನ್ನು ಹಿಂದಿಗೆ ತಿರುಗಿಸಿ ಹೇಳಿದಾಗ ವೈದ್ಯರು ನಕ್ಕು, ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಅವರು ಕೆಟ್ಟವರಂತೆ ಕಾಣಲಿಲ್ಲ ಎಂಬುದನ್ನೂ ನಾನು ದಾಖಲಿಸಬೇಕು.

ರಕ್ತ ತೆಗೆದವಳು ಉಡುಪಿ ಕಡೆಯ ಜಲಜಾಕ್ಷಿ ಎಂಬ ತಂತ್ರಜ್ಞೆ. ಹಿಂದಿನ ರಾತ್ರಿಯಿಂದ ಎಲ್ಲರೂ ಉಪವಾಸವಿದ್ದರು. ಮೊದಲೊಮ್ಮೆ ರಕ್ತ ತೆಗೆದು, ಸಿಹಿ ನೀರು ಕುಡಿಸಿ, ಅರ್ಧ ಗಂಟೆಯ ಮೇಲೊಮ್ಮೆ, ಎರಡು ಗಂಟೆಯ ಮೇಲೊಮ್ಮೆ ಮತ್ತೆ ತೆಗೆಯಬೇಕು. ಸಾಬವ್ವ ಊರುಗೋಲನ್ನು ಮಡಿಲಲ್ಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದಳು.

“ಹೋದ ವರ್ಷ ಕಾಲು ಒಯ್ದ್ರಿ, ಈ ವರ್ಷ ರಕ್ತ ಒಯ್ಯಾಕ ಬಂದೀರಿ. ಮುಂದಿನ ವರ್ಷ ಏನ್ ಒಯ್ತೀರಿ ಹೇಳಿಬಿಡ್ರಿ, ತೊಳದು ಇಡ್ತೀನಿ.”

“ಕೈ ಕೊಡಿ ಮಾರಾಯ್ರೇ,” ಎಂದಳು ಜಲಜಾಕ್ಷಿ. “ನಿಮ್ಮ ನಾಲಿಗೆ ಒಂದು ನಮಗೆ ಬೇಡ, ಅದನ್ನು ನೀವೇ ಇಟ್ಟುಕೊಳ್ಳಿ.”

ಸಾಲಿಗೆ ಸಾಲೇ ನಕ್ಕಿತು. ಸಾಬವ್ವನೂ ನಕ್ಕು ಕೈ ಚಾಚಿದಳು.

ಒಪ್ಪಿಗೆಯ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಕನ್ನಡದಲ್ಲಿ ಓದಿ ಹೇಳಿದವನು ನಾನು. ಆರನೆಯ ಅಂಶ ಹೀಗಿತ್ತು: ಪರೀಕ್ಷೆಯ ಫಲಿತಾಂಶವನ್ನು ರಕ್ತ ಕೊಟ್ಟವರಿಗೆ ಮೂರು ತಿಂಗಳೊಳಗೆ ತಿಳಿಸಲಾಗುವುದು. ಇದನ್ನು ಎರಡು ಸಲ ಓದಿದೆ, ಏಕೆಂದರೆ ಚಂದ್ರಬಾಯಿ ಎರಡು ಸಲ ಕೇಳಿದಳು. ಆ ಪತ್ರದ ಪ್ರತಿ ನನ್ನಲ್ಲಿದೆ. ಹೆಬ್ಬೆಟ್ಟು ಒತ್ತಿದ ಪ್ರತಿಯೊಬ್ಬರಿಗೂ ಸಂಖ್ಯೆ ಬರೆದ ಒಂದು ಗುಲಾಬಿ ಬಣ್ಣದ ಚೀಟಿ ಕೊಟ್ಟರು. ಚಂದ್ರಬಾಯಿಯ ಸಂಖ್ಯೆ ಹದಿನೇಳು.

ಮೇ ತಿಂಗಳು ಕಳೆಯಿತು, ಏನೂ ಬರಲಿಲ್ಲ. 1996ರ ಜುಲೈ 8ರಂದು ಮೊದಲ ಕಾಗದ ಬರೆದೆ. ನವೆಂಬರ್ 4ರಂದು ಎರಡನೆಯದನ್ನು ರಿಜಿಸ್ಟರ್ ಮಾಡಿದೆ. 1997ರ ಮಾರ್ಚ್ 3ರಂದು ಮೂರನೆಯದು. ಎರಡಕ್ಕೆ ಸ್ವೀಕೃತಿ ರಸೀದಿಗಳಿವೆ. ಉತ್ತರ ಬಂದದ್ದು ಒಂದೇ, ಒಂದೇ ಸಾಲಿನದು: ಮಾಹಿತಿಯನ್ನು ಇನ್ನೂ ವಿಶ್ಲೇಷಿಸಲಾಗುತ್ತಿದೆ.

ಇಲ್ಲಿ ಒಂದು ತಪ್ಪು ನಡೆಯಿತು. ಅದರಲ್ಲಿ ನನ್ನ ಪಾಲೂ ಇದೆ. ಆ ಜೋಪಡಿಗಳ ಜನಕ್ಕೆ ಅಂಚೆ ಎಂದರೆ ಕೆಟ್ಟ ಸುದ್ದಿ. ಊರಿನಲ್ಲಿ ಎಲ್ಲರೂ ಸುಖವಾಗಿದ್ದರೆ ಯಾರೂ ಬರೆಯುವುದಿಲ್ಲ. ಯಾರಾದರೂ ಸತ್ತರೆ ತಂತಿ ಬರುತ್ತದೆ, ಹಾಸಿಗೆ ಹಿಡಿದರೆ ಕಾರ್ಡು ಬರುತ್ತದೆ. ಅಂಚೆಯವನು ಸಾಲಿನೊಳಗೆ ಬಂದರೆ ಹೆಂಗಸರು ಕೈಲಿದ್ದ ಕೆಲಸ ನಿಲ್ಲಿಸಿ ಅವನು ಯಾರ ಬಾಗಿಲಿಗೆ ಹೋಗುತ್ತಾನೆಂದು ನೋಡುತ್ತಾರೆ. ಅವನು ಮುಂದೆ ಹೋದರೆ ಉಸಿರು ಬಿಡುತ್ತಾರೆ. ಹೀಗಾಗಿ, ಠಾಣೆಯಿಂದ ಕಾಗದ ಬಾರದೆ ಇದ್ದದ್ದನ್ನು ಮೂವತ್ತೊಂದು ಮಂದಿಯೂ ಒಳ್ಳೆಯ ಸುದ್ದಿಯೆಂದೇ ತಿಳಿದರು.

“ಸಾಹೇಬ್ರ, ಟಪಾಲು ಬಂದಿಲ್ಲಂದ್ರ ನಮಗ ಏನೂ ಇಲ್ಲಂತ ಹೌದಲ್ರಿ?” ಎಂದು ಚಂದ್ರಬಾಯಿ ಕೇಳಿದಳು. 1997ರ ಏಪ್ರಿಲ್ ತಿಂಗಳು. ಅವಳಿಗೆ ಆಗ ಎರಡು ತಿಂಗಳಾಗಿತ್ತು.

“ಕೆಟ್ಟದ್ದೇನಾದರೂ ಇದ್ದಿದ್ದರೆ ಖಂಡಿತ ತಿಳಿಸುತ್ತಿದ್ದರಮ್ಮ,” ಎಂದೆ.

ಆ ವಾಕ್ಯ ನನ್ನದು. ಅದನ್ನು ನಾನು ಬೇರೆ ಯಾರ ಮೇಲೂ ಹೊರಿಸುವುದಿಲ್ಲ.

ಅವಳು ಗುಲಾಬಿ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ರೇಷನ್ ಕಾರ್ಡಿನ ಜೊತೆ ಜೋಪಾನ ಮಾಡಿದ್ದಳು. ಹೆರಿಗೆ ಆಸ್ಪತ್ರೆಯಲ್ಲಿ ಹೆಸರು ಬರೆಸಲು ಹೋದಾಗ, ಸಕ್ಕರೆ ಪರೀಕ್ಷೆ ಮಾಡಿಸಿದ್ದೀಯಾ ಎಂದು ಅಲ್ಲಿನ ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು. ಚಂದ್ರಬಾಯಿ ಚೀಟಿಯನ್ನು ತೆಗೆದು ತೋರಿಸಿ, “ಝಾಲೀ ಬಾಯಿ, ಕಾಯ್ ನಾಹೀ” ಎಂದಳು: ಆಗಿದೆ, ಏನೂ ಇಲ್ಲ. ಹೊರಗೆ ಎಂಬತ್ತು ಮಂದಿ ಬಸುರಿಯರು ಸಾಲಿನಲ್ಲಿದ್ದರು. ಡಾಕ್ಟರಮ್ಮ ಕೇಸ್ ಪೇಪರಿನಲ್ಲಿ ‘ಮೊದಲೇ ಆಗಿದೆ’ ಎಂದು ಬರೆದರು. ಆ ಕೇಸ್ ಪೇಪರನ್ನು ನಾನು ಆಮೇಲೆ ಕಣ್ಣಾರೆ ನೋಡಿದ್ದೇನೆ.

1997ರ ನವೆಂಬರ್ 19, ಬುಧವಾರ, ಅವಳಿಗೆ ಗಂಡು ಮಗು ಹುಟ್ಟಿತು. ಹುಟ್ಟುವಾಗ ಜೀವವಿರಲಿಲ್ಲ. ತೂಕ ನಾಲ್ಕು ಕಿಲೋ ಮುನ್ನೂರು ಗ್ರಾಂ. ನಲವತ್ತೊಂದು ಕಿಲೋ ತೂಗುತ್ತಿದ್ದ ಹೆಂಗಸಿನ ಮಗು.

ಎಂಟು ತಿಂಗಳವರೆಗೆ ಕಾಂಕ್ರೀಟಿನ ಬುಟ್ಟಿ ಹೊತ್ತದ್ದರಿಂದ ಹೀಗಾಯಿತೆಂದು ಸಾಲಿನವರು ಆಡಿಕೊಂಡರು. ಮಾಪಣ್ಣ ಒಂದು ದಿನ ಕುಡಿದು ಬಂದು, ನಾನೂ ಅಲ್ಲಿ ಕುಳಿತಿರುವಾಗ, “ನೀನೇ ಹೊತ್ತು ಹೊತ್ತು ಕೊಂದಿ ಅದನ್ನ” ಎಂದ. ಮರುದಿನ ಅವನು ಅವಳ ಮುಂದೆ ಕುಳಿತು ಅತ್ತನಂತೆ, ಆದರೆ ಆ ಮಾತು ಅವಳೊಳಗೆ ಇಳಿದುಬಿಟ್ಟಿತ್ತು. ಮುಂದಿನ ಹದಿನಾಲ್ಕು ತಿಂಗಳು ಅವಳು ಅದನ್ನೇ ನಂಬಿದಳು. ಬುಟ್ಟಿ ಎತ್ತುವಾಗೆಲ್ಲ ಒಂದು ಕ್ಷಣ ನಿಲ್ಲುತ್ತಿದ್ದಳೆಂದು ಜೊತೆಯ ಹೆಂಗಸರು ನನಗೆ ಹೇಳಿದರು. 1998ರ ಜೂನಿನಲ್ಲಿ ಸಾಬವ್ವನೂ ತೀರಿಕೊಂಡಳು; ಎರಡನೆಯ ಕಾಲಿಗೂ ಗಾಯವಾಗಿತ್ತು.

ಈ ವರ್ಷದ ಜನವರಿ 17ರಂದು ಜಲಜಾಕ್ಷಿ ಡೊಂಬಿವಲಿಯ ನಮ್ಮ ಮನೆಗೆ ಬಂದಳು. ಆ ಸಂಸ್ಥೆಯ ಕೆಲಸವನ್ನು ಅವಳು ಬಿಟ್ಟು ಆರು ತಿಂಗಳಾಗಿತ್ತು. ಚಹಾ ಮುಟ್ಟಲಿಲ್ಲ. ಚೀಲದಿಂದ ವೈದ್ಯರ ಒಂದು ಸಮ್ಮೇಳನದ ಪುಸ್ತಿಕೆ ತೆಗೆದು, ನಲವತ್ತಮೂರನೆಯ ಪುಟ ಬಿಡಿಸಿ ನನ್ನ ಮುಂದಿಟ್ಟಳು.

“ನೋಡಿ ರಾಯರೇ, ಇದು ಯಾರ ಮನೆ ಅಂತ ನಿಮಗೇ ಗೊತ್ತಾಗ್ತದೆ.”

ಅದೊಂದು ವಂಶದ ನಕ್ಷೆ. ಚೌಕಗಳು ಗಂಡಸರು, ವೃತ್ತಗಳು ಹೆಂಗಸರು. ಪೂರ್ತಿ ಕಪ್ಪು ತುಂಬಿದ್ದರೆ ಸಕ್ಕರೆ ಕಾಯಿಲೆ ಇದೆ. ಅರ್ಧ ಕಪ್ಪಾಗಿದ್ದರೆ ಸಕ್ಕರೆ ಇನ್ನೂ ಸರಿಯಿದೆ, ಆದರೆ ಇನ್ಸುಲಿನ್ನಿನ ಮಾತನ್ನು ಶರೀರ ಸರಿಯಾಗಿ ಕೇಳುತ್ತಿಲ್ಲ. ಸಂಬಂಧದೊಳಗೇ ಮದುವೆಯಾದವರ ನಡುವೆ ಜೋಡಿ ಗೆರೆ. ಒಟ್ಟು ಮೂವತ್ತೊಂದು ಗುರುತುಗಳು. ಅಡಿಯಲ್ಲಿ, ‘ನವಿ ಮುಂಬಯಿಯ ಒಂದು ಶ್ರಮಿಕ ಕುಟುಂಬ, ಪರೀಕ್ಷೆ ಫೆಬ್ರವರಿ 1996’ ಎಂದಿತ್ತು. ಹೆಸರುಗಳಿರಲಿಲ್ಲ. ಪೂರ್ತಿ ಕಪ್ಪಾದವು ಒಂಬತ್ತು, ಅರ್ಧ ಕಪ್ಪಾದವು ಏಳು. ನಮಗೆ ಗೊತ್ತಿದ್ದ ರೋಗಿಗಳು ಇಬ್ಬರು ಮಾತ್ರ.

ಜೋಡಿ ಗೆರೆಗಳು ಮೂರಿದ್ದವು. ತಾಯಿಯ ತಮ್ಮನನ್ನು ಮದುವೆಯಾಗಿ, ಇಬ್ಬರೇ ಹೆಣ್ಣುಮಕ್ಕಳಿರುವ ವೃತ್ತ ಒಂದೇ ಒಂದು. ಅದು ಪೂರ್ತಿ ಕಪ್ಪಾಗಿತ್ತು. ಕೆಳಗೆ 236 ಎಂದು ಬರೆದಿತ್ತು. ಸಿಹಿ ನೀರು ಕುಡಿದ ಎರಡು ಗಂಟೆಯ ಮೇಲಿನ ಅಂಕೆ. ಇನ್ನೂರು ದಾಟಿದರೆ ಕಾಯಿಲೆ ಎಂದೇ ಎಣಿಕೆ. ಅವಳ ವೃತ್ತಕ್ಕೆ ಜೋಡಿಸಿದ್ದ ಮಾಪಣ್ಣನ ಚೌಕ ಖಾಲಿಯಾಗಿತ್ತು.

“ಇದು ಅವರಿಗೆ ಯಾವಾಗ ಗೊತ್ತಾಯಿತು?” ಎಂದು ಕೇಳಿದೆ.

“ಸಕ್ಕರೆ ಅದೇ ದಿನ ಸಂಜೆ ಓದಿಯಾಗಿತ್ತು. ಇನ್ಸುಲಿನ್ನಿನದ್ದು ಮಾತ್ರ ಮೂರು ವಾರ ಹಿಡಿಯಿತು. ಅವರಿಗೆ ಹೇಳುವುದಲ್ಲವಾ ಸರ್ ಅಂತ ನಾನು ಕೇಳಿದೆ. ಈಗ ಕೋಡ್ ಬಿಚ್ಚಬಾರದು, ಯಾವ ಸಂಖ್ಯೆ ಯಾರದು ಅಂತ ನೋಡಬಾರದು, ಕೆಲಸ ಮುಗಿಯಲಿ ಅಂದರು. ಆಮೇಲೆ ಬೇರೆ ಊರಿನ ಮನೆತನ ಬಂತು, ಇನ್ನೊಂದು ಬಂತು. ನಾನು ಸಹ ಸುಮ್ಮನಾದೆ.” ಅವಳು ಕೈಯಲ್ಲಿ ಮುಖ ಮುಚ್ಚಿಕೊಂಡಳು. “ನನ್ನದೂ ತಪ್ಪೇ.”

ಫೆಬ್ರವರಿ 11ರ ಸಂಜೆಯಿಂದ ಮಗು ಸತ್ತು ಹುಟ್ಟಿದ ದಿನಕ್ಕೆ ಆರುನೂರ ನಲವತ್ತೇಳು ದಿನಗಳು. ಅಷ್ಟೂ ದಿನ 236 ಎಂಬ ಅಂಕೆ ಠಾಣೆಯ ಒಂದು ಕಪಾಟಿನಲ್ಲಿತ್ತು. ತಿಳಿಸಿದ್ದರೆ ಮಗು ಬದುಕಿಯೇ ಬದುಕುತ್ತಿತ್ತೆಂದು ಯಾವ ವೈದ್ಯರೂ ಪ್ರಮಾಣ ಮಾಡಲಾರರು, ನಾನೂ ಮಾಡುವುದಿಲ್ಲ. ಸೋದರಮಾವನೊಂದಿಗಿನ ಮದುವೆಯಿಂದಲೇ ಕಾಯಿಲೆ ಬಂತೆಂದೂ ಹೇಳುವುದಿಲ್ಲ. ಹಾಗೆಂದು ಆ ಪುಸ್ತಿಕೆಯೂ ಹೇಳಿಲ್ಲ. ಒಂದೇ ಜೀನಿನ ಮೇಲೆ ಬೆರಳಿಟ್ಟು ತೋರಿಸಲು ಅವರಿಂದಲೂ ಆಗಿಲ್ಲ. ಆದರೆ ತಾಯಿಯ ಸಕ್ಕರೆ ಏರಿದ್ದರೆ ಹೊಟ್ಟೆಯೊಳಗಿನ ಮಗು ಅತಿಯಾಗಿ ಬೆಳೆಯುತ್ತದೆ, ಕೊನೆಯ ವಾರಗಳಲ್ಲಿ ಸಾಯಲೂಬಹುದು, ಮತ್ತು ಇದಕ್ಕೆ ಚಿಕಿತ್ಸೆ ಉಂಟು. ಇದು 1996ರಲ್ಲಿ ವೈದ್ಯರಿಗೆಲ್ಲ ಗೊತ್ತಿದ್ದ ವಿಷಯ.

ಮರುದಿನವೇ ಘಣಸೋಲಿಗೆ ಹೋದೆ. ಚಂದ್ರಬಾಯಿಗೆ ಮತ್ತೆ ಮೂರು ತಿಂಗಳಾಗಿರುವುದು ಅಲ್ಲಿ ತಿಳಿಯಿತು. ವಾಶಿಯ ಪ್ರಯೋಗಾಲಯದಲ್ಲಿ ಊಟದ ಮೇಲಿನ ಸಕ್ಕರೆ 251 ಬಂತು. ಅಂದಿನಿಂದ ದಿನಕ್ಕೆರಡು ಸಲ ಇನ್ಸುಲಿನ್ ಸೂಜಿ. ಜೋಪಡಿಯಲ್ಲಿ ಫ್ರಿಜ್ ಇಲ್ಲ. ಸೀಸೆಯನ್ನು ಮಣ್ಣಿನ ಗಡಿಗೆಯೊಳಗೆ ಒದ್ದೆ ಬಟ್ಟೆ ಸುತ್ತಿ ಇಡುತ್ತಾರೆ. ಸೂಜಿ ಚುಚ್ಚುವವಳು ಹದಿಮೂರು ವರ್ಷದ ಅನಸೂಯಾ. ಮೊದಲ ದಿನ ಅವಳು ಸೂಜಿಯನ್ನು ಚರ್ಮದವರೆಗೆ ತಂದು ಎರಡು ಸಲ ಹಿಂದಕ್ಕೆ ತೆಗೆದಳು. “ಚುಚ್ಚವಾ, ನಾ ಏನು ಬಲೂನ್ ಅದೀನೇನು, ಒಡಿಯಾಕ” ಎಂದು ತಾಯಿಯೇ ಧೈರ್ಯ ಹೇಳಿದಳು.

ನಕ್ಷೆಯ ವಿಷಯವನ್ನು ಅವಳಿಂದ ಮುಚ್ಚಿಡುವ ಹಕ್ಕು ನನಗಿರಲಿಲ್ಲ. ಪುಸ್ತಿಕೆ ತೋರಿಸಿ ಎಲ್ಲವನ್ನೂ ವಿವರಿಸಿದೆ. ಅವಳು ತನ್ನ ಕಪ್ಪು ವೃತ್ತದ ಮೇಲೆ ಬೆರಳಿಟ್ಟಳು.

“ಅಂದ್ರ ಬುಟ್ಟಿ ಹೊತ್ತಿದ್ದಕ್ಕಲ್ಲ?”

“ಅಲ್ಲಮ್ಮ.”

“ಕೇಳಿದಿ ಮಾಮಾ?” ಎಂದು ಅವಳು ಬಾಗಿಲ ಕಡೆ ತಿರುಗಿದಳು. ಮಾಪಣ್ಣ ಹೊಸ್ತಿಲ ಮೇಲೆ ನಿಂತಿದ್ದ. ಅವನು ತಲೆ ತಗ್ಗಿಸಿ, “ಕೇಳ್ದೆ” ಎಂದ. ಆಮೇಲೆ, “ನನಗ ಬಿಟ್ಟು ನಿನಗ್ಯಾಕ ಬಂತು?” ಎಂದು, ಕೇಳಿದನೋ ತನಗೇ ಹೇಳಿಕೊಂಡನೋ ತಿಳಿಯಲಿಲ್ಲ. ಒಂದೇ ಮನೆತನವಾದರೂ ಹಿರಿಯರಿಂದ ಯಾರ ಪಾಲಿಗೆ ಯಾವುದು ಬರುತ್ತದೆ ಎಂಬುದು ಹಂಚಿಕೆಯ ಮಾತು, ಅದರಲ್ಲಿ ಯಾರ ಅಪರಾಧವೂ ಇಲ್ಲ ಎಂದು ಹೇಳಿದೆ.

ಆಗ ಅವಳ ಬೆರಳು ಕೆಳಗಿನ ಸಾಲಿಗೆ ಇಳಿಯಿತು. ಅವಳ ವೃತ್ತದಿಂದ ಇಳಿದ ಗೆರೆಗೆ ಎರಡು ಪುಟ್ಟ ವೃತ್ತಗಳು. ಒಂದು ಖಾಲಿ, ಇನ್ನೊಂದು ಅರ್ಧ ಕಪ್ಪು.

“ಇದರಾಗ ಅನಸೂಯಾ ಯಾವಾಕಿ, ಸುಲೋಚನಾ ಯಾವಾಕಿರಿ?”

ಎಡಗಡೆಯದು ಹಿರಿಯ ಮಗಳದ್ದೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಡಿಯ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು: ಕುಟುಂಬದ ಗುರುತು ಸಿಗದಿರಲೆಂದು ಮಕ್ಕಳ ಕ್ರಮವನ್ನು ಬದಲಿಸಲಾಗಿದೆ. ಆಮೇಲೆ ನಾವೇ ವಾಶಿಯಲ್ಲಿ ಹುಡುಗಿಯರಿಬ್ಬರ ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿದೆವು. ಇಬ್ಬರದೂ ಸರಿಯಾಗಿದೆ. ಅರ್ಧ ಕಪ್ಪಿನ ಅರ್ಥವೇ ಅದು; ಸಕ್ಕರೆಯಿಂದ ಗೊತ್ತಾಗುವುದಿಲ್ಲ. ಇನ್ಸುಲಿನ್ನನ್ನು ಅಳೆಯಬೇಕು. ಅಂದು ಮಾಡಿದಂತೆ ಮೂರು ಹೊತ್ತು ರಕ್ತ ತೆಗೆದು ಇನ್ಸುಲಿನ್ ಅಳೆಯುವವರು ನಾನು ವಿಚಾರಿಸಿದ ಏಳು ಪ್ರಯೋಗಾಲಯಗಳಲ್ಲಿ ಒಬ್ಬರೂ ಇಲ್ಲ.

ಫೆಬ್ರವರಿ 22ರಂದು ಚಂದ್ರಬಾಯಿಯನ್ನು ಕರೆದುಕೊಂಡು ಠಾಣೆಯ ಆ ಸಂಸ್ಥೆಗೆ ಹೋದೆ. ಎರಡು ಗಂಟೆ ಕಾಯಿಸಿ ಮುಖ್ಯ ವೈದ್ಯರು ಒಳಗೆ ಕರೆದರು. ವಿಷಾದ ವ್ಯಕ್ತಪಡಿಸಿದರು. ವೈಯಕ್ತಿಕ ಫಲಿತಾಂಶ ಕೊಡುವುದು ಈ ಅಧ್ಯಯನದ ಉದ್ದೇಶವಾಗಿರಲಿಲ್ಲ ಎಂದರು. ನಾನು ಆರನೆಯ ಅಂಶವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಓದಿ, ಹಿಂದಿರುಗಿಸಿ, ಸಂಖ್ಯೆಗಳಿಗೆ ಹೆಸರು ಹೊಂದಿಸುವ ಪುಸ್ತಕವನ್ನು ಮುದ್ರೆ ಹಾಕಿ ಇಟ್ಟಿದೆ, ರೋಗಿಗಳ ಗೋಪ್ಯತೆಯನ್ನು ಕಾಪಾಡುವುದು ತಮ್ಮ ಧರ್ಮ ಎಂದರು. ಅದನ್ನು ಕನ್ನಡದಲ್ಲಿ ಹೇಳಿದೆ.

ಚಂದ್ರಬಾಯಿ ಕುರ್ಚಿಯಿಂದ ಎದ್ದಳು. “ಯಾರಿಂದ ಮುಚ್ಚಿಡಾಕತ್ತೀರಿ? ನನ್ನ ರಕ್ತದ ಗುಟ್ಟು ನನಗೇ ಹೇಳಬಾರದೇನ್ರಿ?” ನಾನು ತಿರುಗಿಸಿ ಹೇಳುವ ಮೊದಲೇ ಗುಲಾಬಿ ಚೀಟಿಯನ್ನು ಅವರ ಮುಂದೆ ಹಿಡಿದು, ತನ್ನ ಹಿಂದಿಯಲ್ಲಿ ಹೇಳಿದಳು: “ಸತ್ರಾ ನಂಬರ್ ಮೈ ಹೂಂ ಸಾಬ್. ಮೇರೀ ಬೇಟೀ ಕೌನ್ಸೀ ಹೈ, ಬೋಲೋ.” ಹದಿನೇಳನೆಯವಳು ನಾನೇ, ಇದರಲ್ಲಿ ನನ್ನ ಯಾವ ಮಗಳು ಯಾರೆಂದು ಹೇಳಿ.

ವೈದ್ಯರು ಸಮಿತಿಗೆ ಬರೆಯುವುದಾಗಿ ಹೇಳಿದರು. ಅದಕ್ಕೆ ಇಂದಿಗೆ ನಲವತ್ತೆರಡು ದಿನ.

ಚಂದ್ರಬಾಯಿಗೆ ಈಗ ಆರನೆಯ ತಿಂಗಳು. ಕಳೆದ ವಾರದ ಸಕ್ಕರೆ 188, ಇಳಿಯಬೇಕಾದಷ್ಟು ಇಳಿದಿಲ್ಲ. ಪ್ರತಿದಿನ ಬೆಳಿಗ್ಗೆ ಏಳುವ ಮೊದಲು ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಅಲುಗುವವರೆಗೆ ಕಾಯುತ್ತಾಳೆ. ಸಿಹಿ ಮುಟ್ಟದಂತೆ ಇಬ್ಬರು ಹುಡುಗಿಯರನ್ನೂ ಕಾಯುತ್ತಾಳೆ; ಯಾವಳನ್ನು ಕಾಯಬೇಕೆಂದು ಅವಳಿಗೆ ಗೊತ್ತಿಲ್ಲ. ಬದಲಾಪುರದಲ್ಲೋ ಕಲ್ಯಾಣದಲ್ಲೋ ಆ ಮನೆತನದ ಇನ್ನೂ ಆರು ಮಂದಿ, ನಾನು ಹೇಳಿ ಕಳುಹಿಸಿದರೂ ಕೂಲಿ ಬಿಟ್ಟು ಪರೀಕ್ಷೆಗೆ ಬಾರದೆ, ತಮಗೆ ಏನೂ ಇಲ್ಲವೆಂದು ತಿಳಿದು, ಬರಿಗಾಲಿನಲ್ಲಿ ಮೊಳೆಗಳ ಮೇಲೆ ನಡೆಯುತ್ತಿದ್ದಾರೆ.

ಸಂಸ್ಥೆಯ ನಿರ್ದೇಶಕರಿಗೆ, ಮುಖ್ಯ ವೈದ್ಯರಿಗೆ, ಅವರ ಸಮಿತಿಯ ಸದಸ್ಯರಿಗೆ: ಮುದ್ರೆ ಹಾಕಿದ ಆ ಪುಸ್ತಕವನ್ನು ಈ ತಿಂಗಳ ಮೂವತ್ತರೊಳಗೆ ತೆರೆಯಿರಿ. ರಕ್ತ ಕೊಟ್ಟವರಲ್ಲಿ ಬದುಕಿರುವ ಪ್ರತಿಯೊಬ್ಬರಿಗೂ ಅವರವರ ಅಂಕೆಗಳನ್ನು ಬರೆದು ಕೊಡಿ. ಅಂಚೆಯಲ್ಲಿ ಕಳುಹಿಸಬೇಡಿ, ಘಣಸೋಲಿಗೆ ಬನ್ನಿ, ರಕ್ತ ತೆಗೆದ ಅದೇ ಸಾಲಿನಲ್ಲಿ ಕುಳಿತು, ಅವರಿಗೆ ತಿಳಿಯುವ ಭಾಷೆಯಲ್ಲಿ ಒಬ್ಬೊಬ್ಬರಿಗೂ ಹೇಳಿ. ಮೊದಲು ಹದಿನೇಳನೆಯ ಸಂಖ್ಯೆಯವಳ ಬಾಗಿಲಿಗೆ ಹೋಗಿ, ಅವಳ ಇಬ್ಬರು ಮಕ್ಕಳಲ್ಲಿ ಅರ್ಧ ಕಪ್ಪಾದ ವೃತ್ತ ಯಾರದೆಂದು ಹೇಳಿ.